ಮನೆಯಲ್ಲೇ ಕೂತು ಹತ್ತನೇ ಕ್ಲಾಸಿನ ಇಂಗ್ಲಿಷ್: ನೋಟ್ಸ್ ಬರುತ್ತೆ, ಬಾಯಿಗೆ ಹೇಗೆ ಬರುತ್ತೆ?

ಪ್ರಶ್ನೆ: ನಾವು ಹೊಸನಗರ ತಾಲೂಕಿನ ಒಂದು ಹಳ್ಳಿಯವರು. ಮಗಳು ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಓದುತ್ತಿದ್ದಾಳೆ. ಜುಲೈನಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿಯಿತು. ಹತ್ತು ವಾರ ಸ್ಕೂಲಿಗೆ ಕಳಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಟೀಚರ್‌ಗಳು ಅವಳನ್ನು ಗೂಗಲ್ ಮೀಟ್‌ನಲ್ಲಿ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ. ನೋಟ್ಸ್‌ನ ಫೋಟೊ ವಾಟ್ಸಾಪ್‌ಗೆ ಹಾಕುತ್ತಾರೆ. ಆದರೆ ಮಳೆಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಸ್ಮಾರ್ಟ್ ಫೋನ್ ಇರುವುದು ಒಂದೇ, ಅದೂ ವಾರದಲ್ಲಿ ಎರಡು ಮೂರು ದಿನ ಯಜಮಾನರ ಜೊತೆ ಹೋಗುತ್ತದೆ. ಬೇರೆ ವಿಷಯ ಹೇಗೋ ಓದಿಕೊಳ್ಳುತ್ತಾಳೆ. ಇಂಗ್ಲಿಷ್ ಮಾತ್ರ ಗೈಡ್ ಇಟ್ಟುಕೊಂಡು ಬಾಯಿಪಾಠ ಮಾಡುತ್ತಾಳೆ, ಮರುದಿನ ಕೇಳಿದರೆ ಮರೆತಿರುತ್ತಾಳೆ. ನಾನು ಏಳನೇ ಕ್ಲಾಸ್ ಓದಿದವಳು, ಇಂಗ್ಲಿಷ್ ಬರುವುದಿಲ್ಲ. ನಾನು ಹೇಗೆ ಸಹಾಯ ಮಾಡಲಿ? ಆನ್‌ಲೈನ್ ಟ್ಯೂಷನ್ ಹಾಕಿಸಬೇಕಾ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ 2020ನೇ ಇಸವಿ ನೆನಪಾಯಿತು. ಆ ವರ್ಷ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಾನಾಗ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಎಲ್ಲರ ಹಾಗೆ ನಾನೂ ವಾಟ್ಸಾಪ್ ಗುಂಪು ಮಾಡಿದೆ, ಪ್ರಶ್ನೋತ್ತರ ಬರೆದು ಫೋಟೊ ತೆಗೆದು ಹಾಕಿದೆ. ಮಕ್ಕಳು ಅದನ್ನು ಅಚ್ಚುಕಟ್ಟಾಗಿ ನೋಟ್ ಬುಕ್ಕಿಗೆ ಇಳಿಸಿಕೊಂಡರು. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸು ಮತ್ತೆ ಶುರುವಾಯಿತು. ಬುಕ್ಕುಗಳು ತುಂಬಿದ್ದವು, ಅಕ್ಷರ ಮುತ್ತಿನಂತಿತ್ತು. ಅದೇ ಪುಟ ತೆಗೆದು ಜೋರಾಗಿ ಓದು ಅಂದರೆ ಮೂರು ಸಾಲಿಗೆ ನಿಲ್ಲುತ್ತಿದ್ದರು. ತಾವೇ ಬರೆದ ಉತ್ತರ ತಮಗೇ ಓದಲು ಬರುತ್ತಿರಲಿಲ್ಲ. ಆ ದಿನ ನನಗೆ ಆದ ಸಂಕಟ ಇನ್ನೂ ಮರೆತಿಲ್ಲ.

ಅದಕ್ಕೇ ಮೊದಲು ಇದನ್ನು ಹೇಳುತ್ತೇನೆ. ಮನೆಯಲ್ಲಿದ್ದರೆ ಇಂಗ್ಲಿಷ್ ಪಾಠ ತಪ್ಪಿಹೋಗುವುದಿಲ್ಲ. ಪಾಠ ಪುಸ್ತಕದಲ್ಲೇ ಇದೆ, ನೋಟ್ಸ್ ಫೋನಿಗೆ ಬರುತ್ತದೆ. ತಪ್ಪಿಹೋಗುವುದು ಬಾಯಿ ಮತ್ತು ಕಿವಿಯ ಕೆಲಸ. ಕ್ಲಾಸಿನಲ್ಲಿ ಕೂತರೆ ದಿನಕ್ಕೆ ಒಮ್ಮೆಯಾದರೂ ಟೀಚರ್ ಎಬ್ಬಿಸಿ ನಿಲ್ಲಿಸುತ್ತಾರೆ. ಒಂದು ಸಾಲು ಓದಿಸುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ಪಕ್ಕದವಳು ಓದುವುದು ಕಿವಿಗೆ ಬೀಳುತ್ತದೆ. ಅವಳ ತಪ್ಪಿನಿಂದಲೂ ಕಲಿಯುತ್ತೇವೆ. ಮನೆಯಲ್ಲಿ ಇದ್ಯಾವುದೂ ತಾನಾಗಿ ನಡೆಯುವುದಿಲ್ಲ, ನಾವೇ ನಡೆಸಬೇಕು. ನೋಟ್ಸ್ ಇಳಿಸಿಕೊಳ್ಳುವ ಸಮಯದಲ್ಲಿ ಅರ್ಧ ಕಡಿಮೆ ಮಾಡಿ ಈ ಕೆಲಸಕ್ಕೆ ಕೊಡಿ. ಹತ್ತು ವಾರ ಅಂದರೆ ಭಯ ಪಡುವಷ್ಟು ದೊಡ್ಡ ಸಮಯವೇನಲ್ಲ.

ಈಗ ನಿಮ್ಮ ವಿಚಾರ. ನಿಮಗೆ ಇಂಗ್ಲಿಷ್ ಬರುವುದಿಲ್ಲ ಅಂತ ಬರೆದಿದ್ದೀರಿ. ನಿಮ್ಮಿಂದ ಆಗುವ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ, ನಂಬಿ. ರಾತ್ರಿ ಅಡುಗೆ ಮುಗಿದ ಮೇಲೆ ಹತ್ತು ನಿಮಿಷ ಮಗಳ ಹತ್ತಿರ ಕೂರಿ. ಅವತ್ತಿನ ಪಾಠದ ಒಂದು ಪ್ಯಾರಾ ಅವಳು ಜೋರಾಗಿ ಓದಲಿ. ನಿಮಗೆ ಅರ್ಥ ಗೊತ್ತಾಗದಿದ್ದರೂ ಎಲ್ಲಿ ತಡವರಿಸಿದಳು, ಎಲ್ಲಿ ನುಂಗಿದಳು, ಎಲ್ಲಿ ಸುಮ್ನೆ ಓಡಿಸಿಕೊಂಡು ಹೋದಳು ಅನ್ನುವುದು ಕಿವಿಗೆ ತಿಳಿದೇ ತಿಳಿಯುತ್ತದೆ. ಹಾಡು ಬರದವರಿಗೂ ಶ್ರುತಿ ತಪ್ಪಿದ್ದು ಗೊತ್ತಾಗುವುದಿಲ್ಲವೇ, ಹಾಗೆ. ತಡವರಿಸಿದ ಕಡೆ "ಇನ್ನೊಂದ್ಸಲ ಓದು ಮಗಾ" ಅನ್ನಿ. ಅಷ್ಟು ಸಾಕು. ಮೂರನೇ ಸಲಕ್ಕೆ ನಾಲಿಗೆ ತಿರುಗುತ್ತದೆ.

ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ, "ಏನಂತೆ ಕಥೆ? ಕನ್ನಡದಲ್ಲಿ ಹೇಳು" ಅಂತ ಕೇಳಿ. ಇದನ್ನು ಯಾವ ದಿನವೂ ಬಿಡಬೇಡಿ. ಕನ್ನಡದಲ್ಲಿ ಹೇಳಲು ಬರದಿದ್ದರೆ ಇಂಗ್ಲಿಷಿನಲ್ಲಿ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಬಾಯಿಪಾಠ ಮಾಡಿದ್ದು ಮರುದಿನಕ್ಕೆ ಮರೆತುಹೋಗುವುದು ಇದೇ ಕಾರಣಕ್ಕೆ. ಅರ್ಥವಿಲ್ಲದ ಮಾತನ್ನು ತಲೆ ಇಟ್ಟುಕೊಳ್ಳುವುದಿಲ್ಲ. ಇಂಗ್ಲಿಷ್ ಕಲಿಯುವಾಗ ಕನ್ನಡ ಆಡಬಾರದು ಅಂತ ಕೆಲವರು ಹೇಳುತ್ತಾರೆ. ಕನ್ನಡ ಮೀಡಿಯಂ ಮಗುವಿಗೆ, ಅದೂ ಒಬ್ಬಳೇ ಮನೆಯಲ್ಲಿ ಕೂತವಳಿಗೆ, ಆ ಮಾತು ಹೊಂದುವುದಿಲ್ಲ. ಕನ್ನಡದ ಸೇತುವೆ ಮೇಲೆಯೇ ಆಚೆ ದಡಕ್ಕೆ ಹೋಗಲಿ.

ಹತ್ತನೇ ಕ್ಲಾಸಿನ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಆರ್.ಕೆ. ನಾರಾಯಣರ "ಎ ಹೀರೋ" ಕಥೆ ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ಸ್ವಾಮಿ ಅನ್ನುವ ಹುಡುಗ ದಿನಾ ಅಜ್ಜಿಯ ಪಕ್ಕ ಮಲಗುವವನು. ಧೈರ್ಯ ಇದ್ದರೆ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತ ಅಪ್ಪ ಸವಾಲು ಹಾಕುತ್ತಾರೆ. ರಾತ್ರಿ ಕತ್ತಲಲ್ಲಿ ಏನೋ ಬಂದ ಹಾಗಾಗಿ, ಹೆದರಿ ಅದರ ಕಾಲು ಕಚ್ಚುತ್ತಾನೆ. ನೋಡಿದರೆ ಅದು ಕಳ್ಳ! ಹುಡುಗ ದೊಡ್ಡ ವೀರನಾಗಿಬಿಡುತ್ತಾನೆ. ಕೊನೆಗೆ ಮತ್ತೆ ಅಜ್ಜಿ ಪಕ್ಕದಲ್ಲೇ ಹೋಗಿ ಮಲಗುತ್ತಾನೆ. ಇದನ್ನು ನಿಮ್ಮ ಮಗಳು ನಿಮಗೆ ಹೇಳಿದರೆ ನೀವು ನಗುತ್ತೀರಿ, ಅವಳೂ ನಗುತ್ತಾಳೆ. "ಪಾಪ, ಅಷ್ಟು ಹೆದರಿದವನು ವೀರ ಹೇಗಾದ?" ಅಂತ ನೀವು ಕೇಳುತ್ತೀರಿ. ಪರೀಕ್ಷೆಯಲ್ಲಿ ಕೇಳುವುದೂ ಹೆಚ್ಚುಕಡಿಮೆ ಅದೇ. ಕನ್ನಡದಲ್ಲಿ ಹೇಳಿ ಮುಗಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಐದು ಸಣ್ಣ ವಾಕ್ಯ ಮಾಡಿ ಬರೆಯಲಿ. ಪುಸ್ತಕ ನೋಡಬಾರದು. ತಪ್ಪಾದರೆ ಆಗಲಿ. ಈ ಐದು ತಪ್ಪು ವಾಕ್ಯ ಗೈಡ್‌ನ ಇಡೀ ಪುಟಕ್ಕಿಂತ ಹೆಚ್ಚು ಕಲಿಸುತ್ತವೆ. ಯಾಕೆಂದರೆ ಟೀಚರ್‌ಗೆ ತಿದ್ದಲು ಈಗ ಏನೋ ಒಂದು ಸಿಕ್ಕಿತು. ಗೈಡ್‌ನಿಂದ ಇಳಿಸಿದ ಉತ್ತರದಲ್ಲಿ ತಿದ್ದುವಂಥದ್ದೇ ಇರುವುದಿಲ್ಲ.

ನೋಟ್ಸ್ ಫೋಟೊ ಬಂದಾಗಲೂ ಇದೇ ಕ್ರಮ ಇರಲಿ. ಮೊದಲು ಪ್ರಶ್ನೆ ಮಾತ್ರ ಓದಿಕೊಂಡು ತಾನೇ ಒಂದು ಉತ್ತರ ಬರೆಯಲಿ. ಆಮೇಲೆ ಟೀಚರ್ ಕಳಿಸಿದ ಫೋಟೊ ತೆರೆದು ಪಕ್ಕದಲ್ಲಿಟ್ಟು ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳಲಿ. ಸಮಯ ಎರಡು ಪಟ್ಟು ಹಿಡಿಯುತ್ತದೆ. ಪರವಾಗಿಲ್ಲ, ಎಲ್ಲ ಪ್ರಶ್ನೆಗೂ ಹೀಗೆ ಮಾಡಬೇಕಿಲ್ಲ. ಪಾಠಕ್ಕೆ ಮೂರು ಪ್ರಶ್ನೆ ಸಾಕು.

ಇನ್ನು ಫೋನಿನ ಕ್ಲಾಸು. ಇಲ್ಲಿ ತುಂಬಾ ಜನ ಗಮನಿಸದ ಒಂದು ತೊಂದರೆ ಇದೆ. ಹಳೆಯ ಥರದ ಫೋನ್ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯಷ್ಟೇ (ಹರ್ಟ್ಸ್ ಅಂದರೆ ದನಿ ಎಷ್ಟು ತೆಳು, ಎಷ್ಟು ದಪ್ಪ ಅನ್ನುವ ಅಳತೆ) ಸಾಗುವುದು ಹಳೆಯ ಕಾಲದಿಂದ ಬಂದ ವ್ಯವಸ್ಥೆ. ಮಾತು ಅರ್ಥವಾಗಲು ಅಷ್ಟು ಸಾಕು. ಆದರೆ "ಸ್", "ಫ್" ಥರದ ಸದ್ದುಗಳ ಬಲ ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಮೀಟ್‌ನಂಥ ಆ್ಯಪ್‌ಗಳು ಇದಕ್ಕಿಂತ ಚೆನ್ನಾಗಿ ದನಿ ಕಳಿಸುತ್ತವೆ, ನಿಜ. ಆದರೂ ನೆಟ್‌ವರ್ಕ್ ಕುಂಟಿದಾಗ, ಸಣ್ಣ ಸ್ಪೀಕರ್‌ನಲ್ಲಿ, ಹೊರಗೆ ಜಡಿಮಳೆ ಸುರಿಯುವಾಗ, ಅದೇ ಸದ್ದುಗಳು ಮೊದಲು ಕಳೆದುಹೋಗುತ್ತವೆ. ಇಂಗ್ಲಿಷಿನಲ್ಲಿ ಪದದ ಕೊನೆಯ ಆ ಚೂರು ಸದ್ದಿನಲ್ಲೇ ವ್ಯಾಕರಣ ಇದೆ. "ಪ್ಲೇ", "ಪ್ಲೇಸ್", "ಪ್ಲೇಡ್" ಬೇರೆಬೇರೆಯಾಗುವುದು ಬಾಲದಲ್ಲಿ. ನಮ್ಮ ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ಸನ್ನೂ "ಬಸ್ಸು" ಮಾಡಿಕೊಂಡವರು ನಾವು. ಹಾಗಾಗಿ ಕೊನೆಯ ವ್ಯಂಜನ ಹಿಡಿಯುವ ಅಭ್ಯಾಸ ಕಿವಿಗೆ ಮೊದಲೇ ಕಡಿಮೆ. ಫೋನಿನಲ್ಲಿ ಅದು ಇನ್ನೂ ಕಷ್ಟವಾಗುತ್ತದೆ. 2020ರಲ್ಲಿ ನನ್ನ ಮಕ್ಕಳ ಬರವಣಿಗೆಯಲ್ಲಿ "ಹಿ ಗೋ", "ಟೂ ಬಾಯ್", "ಯೆಸ್ಟರ್‌ಡೇ ಐ ವಾಕ್" ಜಾಸ್ತಿಯಾದದ್ದು ಇದರಿಂದಲೂ ಅಂತ ನನಗೆ ಆಮೇಲೆ ಹೊಳೆಯಿತು.

ಪರಿಹಾರ ಸುಲಭ. ಒಂದು ಸಾದಾ ವೈರಿನ ಇಯರ್‌ಫೋನ್ ತೆಗೆದುಕೊಡಿ. ಕ್ಲಾಸಿನಲ್ಲಿರುವಾಗ ಪಠ್ಯಪುಸ್ತಕ ತೆರೆದು, ಟೀಚರ್ ಓದುವ ಸಾಲಿನ ಕೆಳಗೆ ಬೆರಳಿಟ್ಟು ಹೋಗಲಿ. ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಗುತ್ತದೆ. ತಾನು ಓದುವಾಗ ಪದದ ಬಾಲವನ್ನು ಬೇಕೆಂದೇ ಸ್ವಲ್ಪ ಒತ್ತಿ ಹೇಳಲಿ. ಹಾಗೇ ಒಂದು ಚಿಕ್ಕ ವಿಷಯ: "ಆಸ್ಕ್ಡ್" ಅನ್ನುವುದನ್ನು ಮಕ್ಕಳು "ಆಸ್ಕೆಡ್" ಅನ್ನುತ್ತಾರೆ. ಅದು "ಆಸ್ಕ್ಟ್" ಅಂತ ಒಂದೇ ಉಸಿರಿನಲ್ಲಿ ಬರಬೇಕು. "ವಾಂಟೆಡ್", "ನೀಡೆಡ್" ಥರ ಮುಂಚೆಯೇ ಟ್ ಅಥವಾ ಡ್ ಇರುವ ಪದಗಳಲ್ಲಿ ಮಾತ್ರ "ಎಡ್" ಬಿಡಿಸಿ ಹೇಳುತ್ತೇವೆ. ಉಳಿದಂತೆ ಉಚ್ಚಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಊರಿನ ಧಾಟಿಯಲ್ಲೇ ಮಾತಾಡಲಿ, ಅದರಲ್ಲಿ ಯಾವ ತಪ್ಪೂ ಇಲ್ಲ.

ನೆಟ್ ಸಿಗದ ದಿನಕ್ಕೆ ಒಂದು ದಾರಿ ಬೇಕು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ದಾರಿ ಅಂದರೆ ಗೆಳತಿಯ ಫೋನು. ಸಂಜೆ ಅದೇ ಕ್ಲಾಸಿನ ಒಬ್ಬಳು ಹತ್ತು ನಿಮಿಷ ಸಾದಾ ಕರೆ ಮಾಡಲಿ. ಕೀಪ್ಯಾಡ್ ಫೋನಿಗೂ ಅದು ಬರುತ್ತದೆ, ಡೇಟಾ ಬೇಡ. ಇವತ್ತು ಇಂಗ್ಲಿಷಿನಲ್ಲಿ ಏನಾಯಿತು, ಮಿಸ್ ಯಾವುದನ್ನು ಎರಡು ಸಲ ಹೇಳಿದರು, ಯಾರನ್ನು ಏನು ಕೇಳಿದರು, ಇಷ್ಟು ಅವಳು ಹೇಳಬೇಕು. ಹೇಳುವ ಹುಡುಗಿಗೂ ಪಾಠ ಇನ್ನೊಮ್ಮೆ ಗಟ್ಟಿಯಾಗುತ್ತದೆ. ಆ ಹುಡುಗಿಯ ಅಮ್ಮನ ಹತ್ತಿರ ನೀವೇ ಒಂದು ಮಾತು ಆಡಿಬಿಡಿ, ಇಲ್ಲದಿದ್ದರೆ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ನಿಮ್ಮ ಮಗಳಿಗೆ ಇದರಿಂದ ಇನ್ನೂ ಒಂದು ಲಾಭ ಇದೆ. ಹದಿನೈದರ ವಯಸ್ಸಿನವಳು ಹತ್ತು ವಾರ ಗೆಳತಿಯರಿಲ್ಲದೆ ಮಂಚದ ಮೇಲೆ ಕಳೆಯುವುದು ಕಾಲು ನೋವಿಗಿಂತ ದೊಡ್ಡ ನೋವು.

ನೆಟ್ ಸಿಗುವ ದಿನ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಎರಡನೇ ದಾರಿ. ಪಠ್ಯಪುಸ್ತಕದಲ್ಲಿ ಪಾಠದ ಹತ್ತಿರ ಚೌಕಾಕಾರದ ಕ್ಯೂಆರ್ ಕೋಡ್ ಇದ್ದರೆ, ಪಾಠಗಳಿಗೆ ಸರ್ಕಾರ ಮಾಡಿರುವ ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿ. ಸಿಗುವುದನ್ನು ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು. ಕೊರೊನಾ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಮೊದಲು ಸೇತುಬಂಧ, ಆಮೇಲೆ ಸಂವೇದ ಅಂತ ಪಾಠ ಬರುತ್ತಿತ್ತು. ಸಂವೇದದ ಪಾಠಗಳು ಯೂಟ್ಯೂಬ್‌ನಲ್ಲಿವೆ. ವಿಡಿಯೊದ ಕ್ವಾಲಿಟಿಯನ್ನು 144ಪಿಗೆ ತಗ್ಗಿಸಿದರೆ ಡೇಟಾ ತೀರಾ ಕಡಿಮೆ ಸಾಕು, ಚಿತ್ರ ಮಸುಕಾದರೂ ದನಿ ಬರುತ್ತದೆ. ವೇಗವನ್ನು 0.75ಕ್ಕೆ ಇಟ್ಟರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಒಂದು ಎಚ್ಚರ. ವಿಡಿಯೊ ನೋಡುವುದು ಕಲಿತ ಹಾಗೆ ಅನಿಸುತ್ತದೆ. ಅದು ಮುಗಿದ ಕೂಡಲೇ ಆ ಪಾಠದ ಬಗ್ಗೆ ಮೂರು ವಾಕ್ಯ ಬರೆಯದಿದ್ದರೆ ನೋಡಿದ್ದು ಅಲ್ಲಿಗೇ ಹೋಯಿತು.

ಟೀಚರ್ ಹತ್ತಿರ ಒಂದೇ ಒಂದು ಸಹಾಯ ಕೇಳಿ. ನೀವೇ ಫೋನ್ ಮಾಡಿ ಕೇಳಿ, ಮಗಳಿಗೆ ಸಂಕೋಚ ಇರುತ್ತದೆ. ಅವಳು ದಿನಾ ಒಂದು ನಿಮಿಷ ಓದಿ ವಾಯ್ಸ್ ಮೆಸೇಜ್ ಕಳಿಸುತ್ತಾಳೆ, ವಾರಕ್ಕೆ ಎರಡು ಸಲವಾದರೂ ಕೇಳಿ ತಿದ್ದುತ್ತೀರಾ, ಅಂತ. ವಾಯ್ಸ್ ಮೆಸೇಜ್ ತೀರಾ ಹಗುರ, ನೆಟ್ ಕುಂಟಿದರೂ ಹೇಗೋ ಹೋಗಿ ಮುಟ್ಟುತ್ತದೆ. ಫೋನು ಮನೆಯಲ್ಲಿಲ್ಲದ ದಿನ ಓದಿಟ್ಟುಕೊಂಡು, ಬಂದ ಮೇಲೆ ರೆಕಾರ್ಡ್ ಮಾಡಲಿ. ಕಳಿಸುವ ಮುಂಚೆ ತಾನೊಮ್ಮೆ ಕೇಳಿಸಿಕೊಳ್ಳಬೇಕು. ತನ್ನ ತಪ್ಪು ತನಗೇ ಕೇಳುವುದು ಇದರ ದೊಡ್ಡ ಉಪಕಾರ. ಮೊದಲ ವಾರ ನಾಚಿಕೆ ಆಗುತ್ತದೆ, ಆಮೇಲೆ ಹೋಗುತ್ತದೆ. ಮೀಟ್ ಕ್ಲಾಸಿನಲ್ಲೂ "ನನ್ನನ್ನು ಒಂದು ಸಲ ಕೇಳಿ ಮಿಸ್" ಅಂತ ಅವಳೇ ಹೇಳಿಕೊಳ್ಳಲಿ. ಕ್ಯಾಮೆರಾ ಆಫ್ ಮಾಡಿದರೆ ದನಿ ಚೆನ್ನಾಗಿ ನಿಲ್ಲುತ್ತದೆ. ಎದುರಿಗೆ ನಲವತ್ತು ಮಕ್ಕಳಿರುವಾಗ ಫೋನಿನೊಳಗಿನ ಒಬ್ಬಳು ಟೀಚರಿಗೆ ನೆನಪಿರುವುದು ಕಷ್ಟ. ಅದು ಅವರ ಅಸಡ್ಡೆ ಅಲ್ಲ, ನಾನು ಆ ಜಾಗದಲ್ಲಿ ನಿಂತವಳು.

ವ್ಯಾಕರಣದ ಮಾತಿಗೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟದ ಭಾಗ. ಮಗಳಿಗೆ ಇದನ್ನು ಓದಿಸಿ. ಕನ್ನಡ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪಿನಲ್ಲಿ ಹೆಚ್ಚಿನವು ದಡ್ಡತನದಿಂದ ಬಂದವಲ್ಲ. ಕನ್ನಡ ಚೆನ್ನಾಗಿ ಬರುವುದರಿಂದಲೇ ಬಂದವು. ಎಲ್ಲಿ ನಮ್ಮ ಭಾಷೆ ಒಂದು ದಾರಿ ಹಿಡಿಯುತ್ತದೆ, ಇಂಗ್ಲಿಷ್ ಇನ್ನೊಂದು ಹಿಡಿಯುತ್ತದೆ ಅಂತ ಗೊತ್ತಾದರೆ ಗೈಡ್‌ನ ನಿಯಮ ಉರುಹೊಡೆಯುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

"ಅಲ್ವಾ" ಅನ್ನುವುದನ್ನೇ ನೋಡಿ. ನೀನು ಬರ್ತೀಯ ಅಲ್ವಾ, ಅವಳು ಹಾಡ್ತಾಳೆ ಅಲ್ವಾ, ಅವನು ಊಟ ಮಾಡಿಲ್ಲ ಅಲ್ವಾ. ನಮಗೆ ಎಲ್ಲದಕ್ಕೂ ಒಂದೇ "ಅಲ್ವಾ" ಸಾಕು. ಹಾಗಾಗಿ ಮಕ್ಕಳು ಎಲ್ಲ ಕಡೆ "ಇಸಂಟ್ ಇಟ್" ಅಂಟಿಸುತ್ತಾರೆ. ಇಂಗ್ಲಿಷಿನ "ಅಲ್ವಾ" ಮಾತ್ರ ಹಿಂದಿನ ವಾಕ್ಯ ನೋಡಿ ಬಣ್ಣ ಬದಲಿಸುತ್ತದೆ. "ಯು ಆರ್ ಕಮಿಂಗ್, ಆರಂಟ್ ಯು?" "ಶಿ ಸಿಂಗ್ಸ್, ಡಸಂಟ್ ಶಿ?" ಹಿಂದೆ ಇಲ್ಲ ಅಂತ ಇದ್ದರೆ ಬಾಲದಲ್ಲಿ ಹೌದು ಬರುತ್ತದೆ: "ಹಿ ಡಿಡಂಟ್ ಈಟ್, ಡಿಡ್ ಹಿ?" ಪರೀಕ್ಷೆಯ ಕ್ವೆಶ್ಚನ್ ಟ್ಯಾಗ್ ಅಂದರೆ ಇದೇ. ಮನೆಯಲ್ಲಿ ಯಾರಾದರೂ "ಅಲ್ವಾ" ಅಂದಾಗಲೆಲ್ಲ ಅವಳು ಆ ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿ ಬಾಲ ಹಚ್ಚಲಿ. ದಿನಕ್ಕೆ ಇಪ್ಪತ್ತು ಸಲ ಅಭ್ಯಾಸ ಆಗುತ್ತದೆ.

"ಅಂತ" ಇನ್ನೊಂದು. "ನಾಳೆ ಬರ್ತೀನಿ ಅಂತ ಅಪ್ಪ ಹೇಳಿದ್ರು" ಅನ್ನುತ್ತೇವೆ. ಅಪ್ಪ ಆಡಿದ ಮಾತನ್ನು ಹಾಗೆಯೇ ಎತ್ತಿ ತಂದು "ಅಂತ" ಹಚ್ಚುತ್ತೇವೆ, ಅಷ್ಟೇ. ಅದನ್ನೇ ಇಂಗ್ಲಿಷಿಗೆ ತಂದಾಗ "ಫಾದರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೊ" ಆಗುತ್ತದೆ. ಓದಿದವರಿಗೆ ಬರುವವಳು ಮಗಳು ಅನಿಸುತ್ತದೆ! ಇಂಗ್ಲಿಷಿನಲ್ಲಿ ಹೇಳುವವರು ನಿಂತ ಜಾಗದಿಂದ ಎಲ್ಲವೂ ಬದಲಾಗುತ್ತದೆ. "ಐ" ಹೋಗಿ "ಹಿ" ಬರುತ್ತದೆ, "ವಿಲ್" ಹೋಗಿ "ವುಡ್" ಬರುತ್ತದೆ, "ಟುಮಾರೊ" ಹೋಗಿ "ದ ನೆಕ್ಸ್ಟ್ ಡೇ" ಬರುತ್ತದೆ. ರಿಪೋರ್ಟೆಡ್ ಸ್ಪೀಚ್ ಕಷ್ಟ ಅನ್ನುವ ಮಕ್ಕಳಿಗೆ ಈ "ಅಂತ"ದ ಗುಟ್ಟು ಹೇಳಿದಾಗ ಅವರ ಮುಖ ಅರಳಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೂರನೆಯದು "ಹೋಗಿದ್ದೆ". ನಿನ್ನೆ ಸಾಗರಕ್ಕೆ ಹೋಗಿದ್ದೆ ಅನ್ನುವುದು ನಮಗೆ ತೀರಾ ಸಹಜ. ಅದಕ್ಕೇ ಮಕ್ಕಳು "ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಸಾಗರ" ಅಂತ ಬರೆಯುತ್ತಾರೆ. ಇಲ್ಲಿ "ಐ ವೆಂಟ್" ಸಾಕು. "ಹ್ಯಾಡ್" ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಯಲ್ಲಿ ಒಂದು ಮೊದಲೇ ಮುಗಿದಿತ್ತು ಅಂತ ತೋರಿಸುವಾಗ. ನಾವು ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು ಅಂತೀವಲ್ಲ, ಅಲ್ಲಿ "ದ ಬಸ್ ಹ್ಯಾಡ್ ಲೆಫ್ಟ್" ಸರಿ.

"ಎ", "ದ" ಎಲ್ಲಿ ಹಾಕಬೇಕು ಅನ್ನುವುದಕ್ಕೆ ಅಜ್ಜಿ ಕಥೆ ನೆನಪಿಸಿಕೊಂಡರೆ ಸಾಕು. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಹೆಣ್ಣುಮಕ್ಕಳು." ಮೊದಲ ಸಲ ಬಂದಾಗ "ಒಬ್ಬ", ಗುರುತಾದ ಮೇಲೆ "ಆ". ಆ "ಒಬ್ಬ"ನ ಜಾಗದಲ್ಲಿ "ಎ", "ಆ" ಜಾಗದಲ್ಲಿ "ದ". ಎಲ್ಲ ಕಡೆಯೂ ಇದು ನಡೆಯುವುದಿಲ್ಲ, ಆದರೆ ಕಥೆ ಬರೆಯುವಾಗ ಬಹಳ ಮಟ್ಟಿಗೆ ಕೈ ಹಿಡಿಯುತ್ತದೆ. ಸಮಯ ಹೇಳುವಾಗಿನ "ಅಟ್", "ಆನ್", "ಇನ್" ಮಾತ್ರ ರೂಢಿಯಿಂದಲೇ ಬರಬೇಕು. ಗಂಟೆಗೆ "ಅಟ್", ಸೋಮವಾರ, ಮಂಗಳವಾರದಂಥ ದಿನಕ್ಕೆ ಮತ್ತು ತಾರೀಕಿಗೆ "ಆನ್", ತಿಂಗಳಿಗೆ ಮತ್ತು ಇಸವಿಗೆ "ಇನ್".

ಬರವಣಿಗೆಗೆ ನಿಮ್ಮ ಮಗಳಿಗೆ ಈಗ ಬೇಕಾದಷ್ಟು ಸರಕಿದೆ. ಪತ್ರ, ಪ್ರಬಂಧ, ಒಬ್ಬರ ವಿವರ ಕೊಟ್ಟು ಅದರಿಂದ ಪ್ರೊಫೈಲ್ ಬರೆಯುವುದು, ಚಿತ್ರ ನೋಡಿ ಬರೆಯುವುದು, ಸುಳಿವು ಹಿಡಿದು ಕಥೆ ಬೆಳೆಸುವುದು, ಹೀಗೆ ಪರೀಕ್ಷೆಯಲ್ಲಿ ಕೇಳುತ್ತಾರೆ. ಗೈಡ್‌ನಲ್ಲಿರುವ ಪ್ರವಾಸದ ಪತ್ರವನ್ನೇ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಹೋಗದ ಪ್ರವಾಸದ ಬಗ್ಗೆ ಬರೆಯುವುದು ಯಾರಿಗೆ ತಾನೇ ಬರುತ್ತದೆ? ಇವಳು ತಾನು ಬಿದ್ದ ದಿನದ ಬಗ್ಗೆ ಗೆಳತಿಗೆ ಪತ್ರ ಬರೆಯಲಿ. ಮಳೆ ಎಷ್ಟು ಇತ್ತು, ಯಾರು ಓಡಿ ಬಂದರು, ಯಾವ ಗಾಡಿಯಲ್ಲಿ ಆಸ್ಪತ್ರೆಗೆ ಹೋದದ್ದು. ಹೆಡ್‌ಮಾಸ್ಟರಿಗೆ ರಜೆ ಅರ್ಜಿ ಇಂಗ್ಲಿಷಿನಲ್ಲೇ ಬರೆದು ನಿಜವಾಗಿಯೂ ಕಳಿಸಲಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ವಯಸ್ಸು, ಹುಟ್ಟಿದ ಊರು, ಇಷ್ಟದ ಕೆಲಸ ಕೇಳಿ ಪ್ರೊಫೈಲ್ ಮಾಡಲಿ. ಕಿಟಕಿಯಿಂದ ಕಾಣುವ ಅಂಗಳವೇ ಚಿತ್ರ. ದಿನಕ್ಕೆ ಐದು ಸಾಲು ಸಾಕು. ಬರೆಯದೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. 2021ರ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದರು. ಎಲ್ಲ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟು ಒಂದು ಆರಿಸುವುದು. ಆಗಿನ ಪರಿಸ್ಥಿತಿಗೆ ಅದು ಸರಿಯೇ ಇತ್ತು. ಆದರೆ ಆ ವರ್ಷ ಪಾಸಾಗಿ ಪಿಯುಸಿಗೆ ಹೋದ ನನ್ನ ಕೆಲವು ಮಕ್ಕಳು ಒಂದು ಪ್ಯಾರಾ ಬರೆಯಲು ಆಗದೆ ಅತ್ತುಕೊಂಡು ಬಂದರು. ಒಂದೂವರೆ ವರ್ಷ ಅವರ ಕೈ ಸ್ವಂತ ವಾಕ್ಯ ಬರೆದಿರಲಿಲ್ಲ.

ಪದ್ಯ ಬಾಯಿಪಾಠಕ್ಕೆ ಕಣ್ಣಿಗಿಂತ ಕಿವಿ ಒಳ್ಳೆಯದು. ಟೀಚರ್ ಹೇಳಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡು ಅವರ ಜೊತೆಗೇ ಹೇಳಲಿ. ನಾಲ್ಕು ಸಾಲು ಬಂದ ಮೇಲೆ ಬರೆದು ಸ್ಪೆಲ್ಲಿಂಗ್ ನೋಡಿಕೊಳ್ಳಲಿ.

ಗೊತ್ತಿಲ್ಲದ ಪದಗಳ ಬಗ್ಗೆ: ಪುಟಕ್ಕೆ ಐದು ಪದಕ್ಕಿಂತ ಹೆಚ್ಚು ಅರ್ಥ ಹುಡುಕಬೇಡ ಅಂತ ಹೇಳಿ. ಉಳಿದವನ್ನು ಸುತ್ತಲಿನ ವಾಕ್ಯದಿಂದ ಊಹಿಸಲಿ. ಮೊದಲು ಓದಿರದ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದಾಗ ಊಹಿಸುವ ಅಭ್ಯಾಸವೇ ಬೇಕಾಗುವುದು, ಅಲ್ಲಿ ಯಾವ ಡಿಕ್ಷನರಿಯೂ ಇರುವುದಿಲ್ಲ. ಗೂಗಲ್ ಟ್ರಾನ್ಸ್‌ಲೇಟ್ ಒಂದು ಪದಕ್ಕೆ ಆಗಬಹುದು. ಇಡೀ ಉತ್ತರವನ್ನು ಅದರಲ್ಲಿ ಮಾಡಿಸಿದರೆ, ಅಥವಾ ಈಗ ಬಂದಿರುವ ಎಐ ಆ್ಯಪ್‌ಗಳಿಗೆ ಬರೆಸಿದರೆ, ಗೈಡ್ ಇಳಿಸಿದ ಹಾಗೇ. ತಾನು ಬರೆದದ್ದನ್ನು ಕೊಟ್ಟು "ಎಲ್ಲಿ ತಪ್ಪಿದೆ, ಯಾಕೆ ತಪ್ಪು, ಕನ್ನಡದಲ್ಲಿ ಹೇಳು" ಅಂತ ಕೇಳಿದರೆ ಮಾತ್ರ ಪ್ರಯೋಜನ. ಆಗಲೂ ಕೊನೆಯ ಮಾತು ಟೀಚರದ್ದೇ ಇರಲಿ.

ಟ್ಯೂಷನ್ ಬಗ್ಗೆ ಕೇಳಿದ್ದೀರಿ. ನೂರಾರು ಮಕ್ಕಳು ಒಟ್ಟಿಗೆ ನೋಡುವ ಆನ್‌ಲೈನ್ ಕೋಚಿಂಗ್‌ಗೆ ದುಡ್ಡು ಹಾಕಬೇಡಿ. ಅಲ್ಲಿ ನಿಮ್ಮ ಮಗಳು ಮತ್ತೆ ಸುಮ್ಮನೆ ಕೇಳುತ್ತಾ ಕೂರುತ್ತಾಳೆ, ಅದೂ ನೆಟ್ ಇದ್ದರೆ. ನಿಮ್ಮ ಊರಲ್ಲೇ ಡಿಗ್ರಿ ಓದುವ ಹುಡುಗಿ ಯಾರಾದರೂ ಇದ್ದಾರಾ ನೋಡಿ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಮನೆಗೆ ಬಂದು ಓದಿಸಿ, ಬರೆದದ್ದು ನೋಡಿ, ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿಸಿದರೆ ಅದು ದೊಡ್ಡ ಟ್ಯೂಷನ್. ಅಂಥವರಿಗೆ ಕೊಡುವ ದುಡ್ಡು ಸಾರ್ಥಕ.

ಶಾಲೆಯ ಕಡೆಯ ಎರಡು ಕೆಲಸ ಈ ವಾರವೇ ಮುಗಿಸಿಬಿಡಿ. ಎಸ್ಸೆಸ್ಸೆಲ್ಸಿಗೆ ಹಾಜರಾತಿ ಶೇಕಡ 75 ಇರಬೇಕು ಅಂತ ನಿಯಮ ಇದೆ. ಡಾಕ್ಟರ ಸರ್ಟಿಫಿಕೇಟ್ ಮತ್ತು ಎಕ್ಸ್‌ರೇ ವರದಿಯ ಜೆರಾಕ್ಸ್ ಹೆಡ್‌ಮಾಸ್ಟರಿಗೆ ಕೊಟ್ಟು, ಹಾಜರಾತಿಯ ವಿಷಯದಲ್ಲಿ ಏನು ಮಾಡಬೇಕು ಅಂತ ಈಗಲೇ ಕೇಳಿ. ಮಾರ್ಚ್ ಹತ್ತಿರ ಬಂದಾಗ ಓಡಾಡುವಂತಾಗಬಾರದು. ಇನ್ನೊಂದು, ಇಂಗ್ಲಿಷಿನ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಆ 20 ಅಂಕದ ಚಟುವಟಿಕೆಗಳನ್ನು ಮನೆಯಿಂದಲೇ ಮಾಡಿ ಕಳಿಸಬಹುದಾ ಅಂತ ಕೇಳಿ. ಸಂಭಾಷಣೆ, ಕಥೆ ಹೇಳುವುದು, ಪದ್ಯ ಹೇಳುವುದು ಇವೆಲ್ಲ ವಾಯ್ಸ್ ಮೆಸೇಜ್‌ನಲ್ಲೇ ಆಗುತ್ತವೆ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಪ್ಲಾಸ್ಟರ್ ಹಾಕಿದ ಕಾಲಿನ ನೋವಿನಲ್ಲಿ ನಿದ್ದೆಯೂ ಸರಿಯಾಗಿ ಬರುತ್ತಿರುವುದಿಲ್ಲ. ಮೊದಲ ವಾರ ಬರೀ ಓದುವುದು, ಕನ್ನಡದಲ್ಲಿ ಕಥೆ ಹೇಳುವುದು. ಎರಡನೇ ವಾರದಿಂದ ಐದು ವಾಕ್ಯ ಸೇರಿಸಿ. ವ್ಯಾಕರಣ ಮೂರನೇ ವಾರಕ್ಕೆ ಇರಲಿ, ಅದೂ ದಿನಕ್ಕೆ ಒಂದೇ ವಿಷಯ. ಮೊದಲ ದಿನ ಅವಳು ಓದಿದ ಒಂದು ನಿಮಿಷದ ರೆಕಾರ್ಡಿಂಗ್ ಅಳಿಸದೆ ಫೋನಿನಲ್ಲಿ ಇಟ್ಟುಕೊಂಡಿರಿ. ಆರನೇ ವಾರ ಅದೇ ಪ್ಯಾರಾ ಮತ್ತೆ ಓದಿಸಿ, ಎರಡನ್ನೂ ಅವಳಿಗೆ ಕೇಳಿಸಿ. ಅವಳು ಏನಂದಳು ಅಂತ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.